ದಾರಿಯಲ್ಲಿ ಮಾತಾಡದ ಅಮ್ಮಾಜಮ್ಮ

ದಿಬ್ಬೂರಹಳ್ಳಿಯಲ್ಲಿ ಅಮ್ಮಾಜಮ್ಮನವರಷ್ಟು ಮಾತಾಡುವವರು ಇನ್ನೊಬ್ಬರಿರಲಿಲ್ಲ. ಇದ್ದರೆ ಅದು ನಮ್ಮ ಅತ್ತೆ ಆಂಜಿನಮ್ಮ. ಇಬ್ಬರೂ ಸೇರಿದರಂತೂ ಮುಗಿಯಿತು, ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಿತ್ತುಕೊಂಡು ಆಡುತ್ತಿದ್ದರು, ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಮನೆ ಮುಂದೆ, ಕಾಲೊನಿಯಿಂದ ತೋಟಗಳ ಕಡೆ ತಿರುಗುವ ಮೂಲೆಯಲ್ಲಿ, ಮೊಣಕಾಲೆತ್ತರದ ಒಂದು ಕಲ್ಲುಗೋಡೆ ಇದೆ. ಅಮ್ಮಾಜಮ್ಮ ಸೊಪ್ಪಿಗೆ ಹೋಗುವ ದಾರಿ ಅದೇ. ಕುಡುಗೋಲು ಪಕ್ಕಕ್ಕಿಟ್ಟು ಆ ಗೋಡೆ ಮೇಲೆ ಕೂತರೆ ಬಿಸಿಲು ಏರುವವರೆಗೂ ಏಳುತ್ತಿರಲಿಲ್ಲ. ನಾನು ಅಂಗನವಾಡಿ ಟೀಚರು. ಮಕ್ಕಳಿಗಿಂತ ಮೊದಲು ಇವರಿಬ್ಬರಿಗೆ ಬಾಯಿ ಮೇಲೆ ಬೆರಳಿಡಿ ಅನ್ನಬೇಕು ಅಂತ ರೇಗಿಸುತ್ತಿದ್ದೆ.

ಅವರದು ಜಮೀನಿದ್ದವರ ಮನೆ, ನಮ್ಮದು ಕಾಲೊನಿ. ಹಿಂದೆ ನಮ್ಮ ಅತ್ತೆ ಅವರ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರು. ಆಗ ಇಬ್ಬರೂ ಹೊಸದಾಗಿ ಮದುವೆಯಾಗಿ ಈ ಊರಿಗೆ ಬಂದವರು, ಇಬ್ಬರಿಗೂ ಅತ್ತೆಯ ಕಾಟ. ಹಿಪ್ಪುನೇರಳೆ ಸಾಲಿನಲ್ಲಿ ಅಕ್ಕಪಕ್ಕ ನಿಂತು ಸೊಪ್ಪು ಕೊಯ್ಯುತ್ತಾ ಒಬ್ಬರ ಗೋಳು ಇನ್ನೊಬ್ಬರು ಕೇಳಿಸಿಕೊಂಡಿದ್ದೇ ಸ್ನೇಹವಾಯಿತು. ಕಾಲೊನಿಯ ಗೋಡೆ ಮೇಲೆ ದೊಡ್ಡಮನೆ ಹೆಂಗಸು ಕೂರುವುದೇನು ಎಂದು ಮೂಗು ಮುರಿದವರೂ ಊರಲ್ಲಿದ್ದರು. ಅಮ್ಮಾಜಮ್ಮ ಕ್ಯಾರೇ ಅನ್ನಲಿಲ್ಲ. ಆ ಒಂದು ಕಾರಣಕ್ಕೇ ನನಗೆ ಅವರ ಮೇಲೆ ಗೌರವ, ಈಗಲೂ ಇದೆ.

ಅವರ ಮನೆ ಹಿಂದಿನ ಉದ್ದನೆಯ ಶೆಡ್ಡು ಹುಳು ಮನೆ. ರೇಷ್ಮೆ ಹುಳು ಸಾಕುವುದು ಅಲ್ಲಿ. ಅದರ ಬೀಗದ ಕೈ ಯಾವಾಗಲೂ ಅಮ್ಮಾಜಮ್ಮನ ಸೊಂಟದಲ್ಲೇ ಇರುತ್ತಿತ್ತು. ಗಂಡ ಹೋದ ಮೇಲೆ ಒಬ್ಬನೇ ಮಗ ಚನ್ನಕೇಶವನನ್ನು ಸಾಕಿ ಓದಿಸಿದ್ದು ಆ ಶೆಡ್ಡಿನಿಂದಲೇ. ಅವನೀಗ ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಗುಮಾಸ್ತ. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಅಮ್ಮಾಜಮ್ಮನೂ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಜ್ವರ ಎದ್ದ ಹುಳು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತದಲ್ಲ, ಅದು ಕೇಳಿಸಿದ ಮೇಲೇ ಅವರ ಮುಖ ಅರಳುತ್ತಿದ್ದುದು. ಸುತ್ತಲಿನವರ ಹುಳು ರೋಗ ಬಂದು ಹೋದಾಗಲೂ ಇವರದು ಗೂಡು ಕಟ್ಟುತ್ತಿತ್ತು. ಅಮ್ಮಾಜಮ್ಮನ ಕೈಗುಣ ಎನ್ನುತ್ತಿದ್ದರು ಜನ.

ಮರೆವು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಒಲೆ ಮೇಲೆ ಹಾಲಿಟ್ಟು ಕೊಟ್ಟಿಗೆಗೆ ಹೋದರು. ನನ್ನನ್ನು ಕಂಡು "ಇವತ್ತು ಮಕ್ಕಳಿಗೆ ಮೊಟ್ಟೆ ಕೊಟ್ಯಾಮ್ಮಾ?" ಅಂದರು, ನಾನು ಹೂಂ ಅಂದೆ, ಅತ್ತೆಯ ಜೊತೆ ಎರಡು ಮಾತಾಡಿ ತಿರುಗಿ ಮತ್ತೆ ಅದನ್ನೇ ಕೇಳಿದರು. ನಮ್ಮ ಅತ್ತೆ ನಕ್ಕರು. ನಾನೂ ನಕ್ಕೆ. ಹಳೆಯದೆಲ್ಲ ಅವರಿಗೆ ಚೆನ್ನಾಗಿಯೇ ನೆನಪಿತ್ತು, ಯಾರ ಮದುವೆಯಲ್ಲಿ ಯಾವ ಸಿಹಿ ಹಳಸಿತ್ತು ಅಂತಲೂ ಹೇಳುತ್ತಿದ್ದರು. ಆಗ ತಾನೇ ಕೇಳಿದ್ದು ಮಾತ್ರ ನಿಲ್ಲುತ್ತಿರಲಿಲ್ಲ. ಇಂಥದ್ದನ್ನು ಯಾರು ಕಾಯಿಲೆ ಎಂದುಕೊಳ್ಳುತ್ತಾರೆ?

ಎಂದುಕೊಳ್ಳಲೇಬೇಕಾದ ದಿನ ಒಂದು ಬಂತು. ಹುಳು ಕೊನೆಯ ಜ್ವರ ಎದ್ದು ಬಕಬಕ ತಿನ್ನುವ ಕಾಲ. ಅಮ್ಮಾಜಮ್ಮ ಕುಡುಗೋಲು ಹಿಡಿದು ಹೊರಟಾಗ ಸೊಸೆ ಭಾನುಪ್ರಿಯಾ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದಳಂತೆ, "ಅತ್ತೆ, ಪಕ್ಕದ ಗಂಗುಲಪ್ಪ ನಿನ್ನೆ ಸಾಯಂಕಾಲ ಟೊಮೆಟೊಗೆ ಔಷ್ದಿ ಹೊಡ್ಸಿದಾರೆ, ಗಾಳಿ ನಮ್ ಕಡೆಗೇ ಇತ್ತು. ಮೂಡಗಡೆ ಸಾಲು ಮುಟ್ಬೇಡಿ, ಪಡುವಗಡೆ ಕೊಯ್ರಿ. ಬರೋವಾಗ ಮೋಟ್ರು ಆಫ್ ಮಾಡಿ. ಪಂಪ್ ಮನೇಲಿ ಸುಣ್ಣದ ಚೀಲ ಇದೆ, ತನ್ನಿ. ನಾಳೆಗೆ ಕೂಲಿಯವ್ರು ಸಿಕ್ತಾರಾ ಕೇಳ್ಕೊಂಡ್ ಬನ್ನಿ." ಅಮ್ಮಾಜಮ್ಮ ಆಯ್ತು ಅಂದರು. ಗೋಡೆ ಹತ್ತಿರ ಬಂದಾಗ ನಮ್ಮ ಅತ್ತೆ "ದಾ, ಕೂರ್ಚೋ" ಎಂದು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅಮ್ಮಾಜಮ್ಮ ಕೂತರು, ನಮ್ಮ ಅತ್ತೆಯ ಮೊಮ್ಮಗಳು ತುಂಬು ಬಸುರಿ ಎನ್ನುವ ಸುದ್ದಿ ಕೇಳಿದರು, ನಕ್ಕರು, ಎದ್ದು ತೋಟಕ್ಕೆ ಹೋದರು. ಮೂಡಗಡೆ ಸೊಪ್ಪು ಎಳೆಯದಾಗಿ ಚೆನ್ನಾಗಿತ್ತು. ಅದನ್ನೇ ಕೊಯ್ದು ತಂದು ಹಾಕಿದರು.

ಮಧ್ಯಾಹ್ನಕ್ಕೆ ಹುಳುಗಳು ತಲೆ ಎತ್ತಿ ಎತ್ತಿ ಆಡಿಸತೊಡಗಿದವು. ಬಾಯಿಂದ ಹಸಿರು ನೀರು ಕಕ್ಕಿದವು. ಸಾಯಂಕಾಲದ ಹೊತ್ತಿಗೆ ಮೊಟಕಾಗಿ ಬಿದ್ದವು. ಮಕ್ಕರಿಗಳಲ್ಲಿ ತುಂಬಿ ತಿಪ್ಪೆ ಪಕ್ಕ ಗುಂಡಿ ತೋಡಿ, ಸುಣ್ಣ ಚೆಲ್ಲಿ ಮುಚ್ಚಿದರು. ಆ ವಾಸನೆ ನಮ್ಮ ಮನೆವರೆಗೂ ಬಂತು. ಅಮ್ಮಾಜಮ್ಮ ಗುಂಡಿ ಹತ್ತಿರ ಕೂತು, "ನಂಗೆ ಹೇಳ್ಲೇ ಇಲ್ಲ ಕಣೇ, ಭಾನು ನಂಗೆ ಹೇಳ್ಲೇ ಇಲ್ಲ" ಎನ್ನುತ್ತಿದ್ದರು. ಬೆಳಿಗ್ಗೆ ಅವಳು ಹೇಳಿದ್ದು ಪಕ್ಕದ ಮನೆಯವರಿಗೆಲ್ಲ ಕೇಳಿಸಿತ್ತು. ಭಾನುಪ್ರಿಯಾಳಿಗೆ ಸಿಟ್ಟು ತಡೆಯಲಾಗಲಿಲ್ಲ. ಅವಳೂ ಆ ಹುಳುವಿಗೆ ತಿಂಗಳೆಲ್ಲ ಬೆನ್ನು ಬಗ್ಗಿಸಿದವಳು. ನಮ್ಮ ಮನೆ ಮುಂದೆ ಬೀದಿಯಲ್ಲಿ ನಿಂತು, "ಆ ಗೋಡೆ ಮೇಲೆ ಕೂತು ಹರಟೆ ಹೊಡ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು" ಅಂದಳು. ನಮ್ಮ ಅತ್ತೆ ಒಳಗಿಂದ ಕೇಳಿಸಿಕೊಂಡರು. ಆ ದಿನ ಊಟಕ್ಕೆ ಏಳಲಿಲ್ಲ. ಎರಡು ದಿನ ಬಿಟ್ಟು ಮೊಮ್ಮಗಳ ಬಾಣಂತನಕ್ಕೆ ಅಂತ ಗೌರಿಬಿದನೂರಿಗೆ, ಮಗಳ ಮನೆಗೆ ಹೋದರು.

ಚನ್ನಕೇಶವ ತಾಯಿಯ ಮೇಲೆ ಕೂಗಾಡುವವನಲ್ಲ. ಮೆತ್ತಗೆ, "ಅಮ್ಮ, ಇನ್ಮೇಲೆ ಹುಳು ಮನೆ ಭಾನು ನೋಡ್ಕೋತಾಳೆ. ಕೀ ಕೊಟ್ಬಿಡು" ಅಂದ. ಮೆತ್ತಗೆ ಹೇಳಿದರೂ ಅದು ಕಿತ್ತುಕೊಳ್ಳುವ ಮಾತೇ. ಅಮ್ಮಾಜಮ್ಮ ಬೀಗದ ಕೈ ಮೇಲೆ ಅಂಗೈ ಮುಚ್ಚಿಕೊಂಡು, "ಇನ್ನೊಂದು ಬೆಳೆ ನೋಡಪ್ಪ. ಅದೂ ಕೆಟ್ರೆ ನಾನೇ ಕೊಡ್ತೀನಿ" ಅಂದರು. ಜೀವಮಾನದಲ್ಲಿ ಮಗನ ಹತ್ತಿರ ಅವರು ಏನನ್ನೂ ಬೇಡಿದವರಲ್ಲ. ಅವನು ಒಪ್ಪಿದ, ಒಂದು ಬೆಳೆಗೆ ಮಾತ್ರ ಅಂತ ಒತ್ತಿ ಹೇಳಿದ.

ಡಾಕ್ಟರ ಹತ್ತಿರ ಮಾತಾಡಲು ಬರುತ್ತದೆ ಅಂತ ನನ್ನನ್ನೂ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. "ಮೂರು ಹೆಸರು ಹೇಳ್ತೀನಿ, ನೆನಪಲ್ಲಿ ಇಟ್ಕೊಳಮ್ಮ. ಹಲಸಿನಹಣ್ಣು, ಬಸ್ಸು, ಕನ್ನಡಿ" ಅಂದರು. ಆಮೇಲೆ ಹುಳುವಿನ ವಿಷಯ ಕೇಳಿದರು. ಅಮ್ಮಾಜಮ್ಮ ಖುಷಿಯಿಂದ ಮೊಟ್ಟೆಯಿಂದ ಗೂಡಿನವರೆಗೆ ಹೇಳಿದರು. "ನಾನು ಹೇಳಿದ ಮೂರು ಯಾವುದು?" ಎಂದು ಕೇಳಿದಾಗ ಹಲಸಿನಹಣ್ಣು ಅಂದರು, ನಿಂತರು, ನನ್ನ ಮುಖ ನೋಡಿದರು. ನನ್ನ ಅಂಗನವಾಡಿ ಮಕ್ಕಳು ಉತ್ತರ ಗೊತ್ತಿಲ್ಲದಾಗ ಹಾಗೇ ನೋಡುತ್ತವೆ.

"ಯಾರ ತಲೇಲೂ ಒಂದೇ ಸಲಕ್ಕೆ ನಾಕೈದಕ್ಕಿಂತ ಜಾಸ್ತಿ ನಿಲ್ಲಲ್ಲಮ್ಮ. ನನ್ನ ತಲೇಲೂ ಅಷ್ಟೇ" ಅಂದರು ಡಾಕ್ಟರು. "ಅದೂ ಅರೆಗಳಿಗೆ. ಬೊಗಸೇಲಿ ನೀರು ಹಿಡ್ಕೊಂಡ ಹಾಗೆ. ಮಧ್ಯೆ ಹೊಸದೇನಾದ್ರೂ ಬಿದ್ರೆ ಹಳೇದು ಚೆಲ್ಲಿ ಹೋಗುತ್ತೆ. ನಿಮ್ಮ ಬೊಗಸೆ ಸ್ವಲ್ಪ ಸಣ್ಣದಾಗಿದೆ." ರಕ್ತ ಪರೀಕ್ಷೆಗೆ ಬರೆದರು, ನಿದ್ದೆ ಚೆನ್ನಾಗಿ ಮಾಡಿ ಅಂದರು. ಮನೆಯವರಿಗೆ, ಅವರಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಿ, ತಿರುಗಿ ಅವರ ಬಾಯಲ್ಲೇ ಹೇಳಿಸಿ ಅಂದರು. ಅಮ್ಮಾಜಮ್ಮನಿಗೆ, ಎರಡು ವಿಷಯ ಇದ್ದರೆ ಸೇರಿಸಿ ಒಂದೇ ಚಿತ್ರ ಮಾಡಿಕೊಳ್ಳಿ, ಬಾಯಲ್ಲಿ ಅಂದುಕೊಳ್ಳುತ್ತಾ ಹೋಗಿ, ಕೆಲಸ ಮುಗಿಯುವವರೆಗೆ ಬೇರೆ ಮಾತಾಡಬೇಡಿ ಅಂದರು. ಅವರು ಹೊರಗೆ ಹೋದ ಮೇಲೆ ನಮಗೆ ಇನ್ನೊಂದು ಮಾತು ಹೇಳಿದರು, "ಇದ್ರಿಂದ ಕೆಲಸ ಕೆಡಲ್ಲ. ಮರೆವು ಹೋಗುತ್ತೆ ಅಂತ ಮಾತ್ರ ತಿಳ್ಕೋಬೇಡಿ."

ಭಾನುಪ್ರಿಯಾ ಫೋನಿನಲ್ಲಿ ನೋಡಿದ್ದನ್ನೂ ಬಿಡಲಿಲ್ಲ. ಒಂದೆಲಗದ ಚಟ್ನಿ ಅರೆದಳು, ಬಾದಾಮಿ ನೆನೆಹಾಕಿದಳು, ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಕೂರಿ ಅಂದಳು. ಅಮ್ಮಾಜಮ್ಮ ಎಲ್ಲಕ್ಕೂ ತಲೆಯಾಡಿಸಿ ಮಾಡಿದರು. ಆದರೆ ಅವರು ಗಟ್ಟಿಯಾಗಿ ಹಿಡಿದುಕೊಂಡಿದ್ದು ಡಾಕ್ಟರ ಮಾತನ್ನೇ. ಪಡುವಗಡೆ ಸಾಲು ಕೊಯ್ಯಬೇಕು, ಮೋಟಾರು ಆಫ್ ಮಾಡಬೇಕು ಎಂದರೆ, ಮೋಟಾರು ಎಮ್ಮೆಯಾಗಿ ಪಡುವಗಡೆ ಸಾಲಿನಲ್ಲಿ ಮೇಯುತ್ತಿದೆ ಎಂದುಕೊಳ್ಳುತ್ತಿದ್ದರಂತೆ. ನನಗೆ ಹೇಳಿ ತಾವೇ ನಕ್ಕಿದ್ದರು.

ಆದರೆ ಆ ನಗು ಮನೆಯೊಳಗೆ ಮಾತ್ರ. ದಾರಿಗೆ ಇಳಿದರೆ ಅವರು ಬೇರೆಯೇ ಹೆಂಗಸು. ಕಣ್ಣು ನೆಲದ ಮೇಲೆ, ತುಟಿ ಪಿಟಿಪಿಟಿ. ಯಾರಾದರೂ ಮಾತಾಡಿಸಿದರೆ ತಲೆ ಎತ್ತದೆ ಅಂಗೈ ಎತ್ತಿ ತೋರಿಸಿ ಹೋಗುತ್ತಿದ್ದರು. ಅಮ್ಮಾಜಮ್ಮ ಸನ್ಯಾಸ ತಗೊಂಡರು ಎಂದು ಅರಳಿಕಟ್ಟೆಯಲ್ಲಿ ನಗುತ್ತಿದ್ದರು. ಬರಬರುತ್ತಾ ಮಾತಾಡಿಸುವುದನ್ನೇ ಬಿಟ್ಟರು. ಸಾಯಂಕಾಲ ಕೆಲಸ ಮುಗಿಸಿ ಬಂದು ಅವರು ಗೋಡೆ ಮೇಲೆ ಕೂತರೂ ಯಾರೂ ಹತ್ತಿರ ಬರುತ್ತಿರಲಿಲ್ಲ. ಇಷ್ಟು ಬೆಲೆ ತೆತ್ತು ಉಳಿಸಿಕೊಳ್ಳಬೇಕಾದ್ದೇನಿದೆ ಆ ಶೆಡ್ಡಿನಲ್ಲಿ ಅಂತ ನನಗೆ ಅನ್ನಿಸಿದ್ದುಂಟು. ಹಾಗಂತ ಕೇಳಿಯೂ ಬಿಟ್ಟೆ. "ಅದೂ ಹೋದ್ರೆ ನಾನು ಆ ಮನೇಲಿ ಬರೀ ಊಟ ಮಾಡೋಳು ಕಣಮ್ಮ" ಅಂದರು.

ಹೊಸ ಹುಳು ಬಂತು. ಒಂದೊಂದೇ ಜ್ವರ ಕೂತು ಎದ್ದಿತು. ಎಲ್ಲೂ ತಪ್ಪಾಗಲಿಲ್ಲ.

ಕೊನೆಯ ಜ್ವರ ಎದ್ದ ವಾರದಲ್ಲಿ ನಮ್ಮ ಅತ್ತೆ ಗೌರಿಬಿದನೂರಿನಿಂದ ಸಾಯಂಕಾಲದ ಬಸ್ಸಿಗೆ ಬಂದಿಳಿದರು. ಅವರು ಅಲ್ಲಿದ್ದಷ್ಟು ದಿನ ಫೋನಿನಲ್ಲಿ ಬಾಣಂತಿ, ಮಗು, ಇಷ್ಟೇ ಮಾತು. ಡಾಕ್ಟರು, ದಾರಿಯ ಮೌನ, ಇದ್ಯಾವುದೂ ಅವರಿಗೆ ಗೊತ್ತಿರಲಿಲ್ಲ. ಬಂದವರು ಸುಸ್ತಾಗಿ ಮಲಗಿದರು. ಬೆಳಿಗ್ಗೆ ನಾನು ಅಂಗನವಾಡಿಗೆ ಹೋದೆ. ಸ್ವಲ್ಪ ಹೊತ್ತಿಗೆ ಹಾಜರಿ ಪುಸ್ತಕ ಮನೆಯಲ್ಲೇ ಮರೆತಿದ್ದು ನೆನಪಾಗಿ ವಾಪಸು ಬಂದೆ. ನೋಡಿದರೆ ಅತ್ತೆ ಗೋಡೆಗೆ ಒರಗಿ ನೆಲದಲ್ಲಿ ಕೂತಿದ್ದಾರೆ, ಸೆರಗೆಲ್ಲ ಬೆವರಿನಿಂದ ಒದ್ದೆ.

ನನ್ನ ಗಂಡ ವೇಣು ಗೂಡ್ಸ್ ಆಟೊ ಓಡಿಸುತ್ತಾರೆ. ರಾತ್ರಿ ಬಾಡಿಗೆ ಮುಗಿಸಿ ಬಂದು ಒಳಗೆ ಗಾಢ ನಿದ್ದೆಯಲ್ಲಿದ್ದರು, ಎಬ್ಬಿಸಿದೆ. ಹಿಂದೆ ಚಾಪೆ ಹಾಸಿ, ಅತ್ತೆಯ ತಲೆ ನನ್ನ ತೊಡೆ ಮೇಲಿಟ್ಟುಕೊಂಡು ಚಿಂತಾಮಣಿಗೆ ಹೊರಟೆವು. "ಯಾವಾಗಿಂದ ನೋವು ಅತ್ತೆ? ಯಾರನ್ನಾದ್ರೂ ಕರೀಬಾರ್ದಿತ್ತಾ?" ಅಂದೆ.

"ಕರೆದ್ನಲ್ಲ" ಅಂದರು. "ಅಮ್ಮಾಜಕ್ಕ ಹೋಗ್ತಿದ್ಲು. ಅಕ್ಕಾ, ಎದೆ ಹಿಡ್ಕೊಂಡೈತೆ, ಸ್ವಲ್ಪ ನಿಲ್ಲೆ ಅಂದೆ. ಮುಖ ಎತ್ಲಿಲ್ಲ. ಕೈ ಹಿಂಗೆ ತೋರ್ಸಿ ಹೋದ್ಲು." ತಮ್ಮ ಅಂಗೈ ಎತ್ತಿ ತೋರಿಸಿದರು. "ಬಾಯಿ ಆಡಿಸ್ತಿದ್ಲು. ಬಯ್ಕೊಂಡು ಹೋದ್ಲೇನೋ. ನನ್ನಿಂದ ಹುಳು ಸತ್ತೋಯ್ತು ಅಂತ ಇನ್ನೂ ಕೋಪ ಅವ್ಳಿಗೆ. ಆಮೇಲೆ ಯಾರನ್ನೂ ಕರೆಯೋಣ ಅನ್ನಿಸ್ಲಿಲ್ಲ ಕಣಮ್ಮ."

ಅದು ಕೋಪವಲ್ಲ ಅತ್ತೆ, ಅವರಿಗೆ ಮರೆವು, ದಾರಿಯಲ್ಲಿ ಯಾರ ಜೊತೆಗೂ ಮಾತಾಡಬೇಡಿ ಅಂತ ಡಾಕ್ಟರು ಹೇಳಿದ್ದಾರೆ ಎಂದು ಬಗ್ಗಿ ಕಿವಿಯಲ್ಲಿ ಹೇಳಿದೆ. ಆಟೊ ಸದ್ದು, ರಸ್ತೆಯ ಹಳ್ಳ. "ಇಷ್ಟು ವರ್ಷದಲ್ಲಿ ಒಂದಿನಾನೂ ಹಂಗೆ ಮಾಡ್ದೋಳಲ್ಲ" ಎನ್ನುತ್ತಲೇ ಇದ್ದರು. ನನ್ನ ಮಾತು ಅವರಿಗೆ ಮುಟ್ಟಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಂಚೂರು ಬೇಗ ತಂದಿದ್ದರೆ ನೋಡಬಹುದಿತ್ತು ಅಂದರು ಆಸ್ಪತ್ರೆಯಲ್ಲಿ. ಸಾಯಂಕಾಲ ಅತ್ತೆ ಹೋದರು.

ಮನೆ ಮುಂದೆ ಮಲಗಿಸಿದಾಗ ಅಮ್ಮಾಜಮ್ಮ ಕೆದರಿದ ತಲೆಯಲ್ಲಿ ಓಡಿ ಬಂದರು. ಹೆಣದ ಕಾಲು ಹಿಡಿದುಕೊಂಡು, "ನೀನು ಊರಿಗೆ ಬಂದಿದ್ದೇ ನಂಗೆ ಗೊತ್ತಿಲ್ವಲ್ಲೇ ಆಂಜೀ, ನಿನ್ನ ಮುಖ ನೋಡ್ಲಿಲ್ವಲ್ಲೇ" ಎಂದು ಅತ್ತರು. ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ. ಅದರಲ್ಲಿ ಸುಳ್ಳಿರಲಿಲ್ಲ. ಅತ್ತೆಯ ಕೂಗು ಅವರ ಕಿವಿಗೆ ಬಿದ್ದಿತ್ತು, ಒಳಗೆ ಹೋಗಲು ಜಾಗವಿರಲಿಲ್ಲ. ಇದ್ದ ಒಂದು ಚೂರು ಜಾಗದಲ್ಲಿ ಪಡುವಗಡೆ ಸಾಲು ಕೂತಿತ್ತು. ಆಗ ನನಗೆ ಬಂದ ಕೋಪ ಯಾರ ಮೇಲೆ ಎಂದು ಹೇಳಲಾರೆ. ಅಮ್ಮಾಜಮ್ಮನ ಮೇಲೂ ಬಂದಿತ್ತು, ಸುಳ್ಳೇಕೆ. ವೇಣು ನನ್ನ ತೋಳು ಹಿಡಿದು, "ಹೇಳ್ಬೇಡ" ಎಂದು ತಲೆ ಅಲ್ಲಾಡಿಸಿದರು.

ಆ ಬೆಳೆ ಗೆದ್ದಿತು. ಹುಳು ಹಣ್ಣಾಗಿ, ಬಿದಿರಿನ ತಟ್ಟಿಯ ಚಂದ್ರಿಕೆ ಏರಿ ಗೂಡು ಕಟ್ಟಿದವು, ಬೆಳ್ಳಗೆ, ಒಂದೇ ಸಮಕ್ಕೆ. ಅದನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊತ್ತಿದ್ದು ನಮ್ಮ ಆಟೊನೇ. ಅತ್ತೆಗೆ ಹಾಸಿದ್ದ ಚಾಪೆ ತೆಗೆದಿಟ್ಟು ಗೂಡಿನ ಚೀಲ ಹಾಕಿದರು ವೇಣು. ಚನ್ನಕೇಶವ ಎಲ್ಲರೆದುರು, "ಕೀ ನಿನ್ನತ್ರಾನೇ ಇರ್ಲಮ್ಮ" ಅಂದ. ಭಾನುಪ್ರಿಯಾಳೂ ಮನಸ್ಸು ಬಿಚ್ಚಿ ಹೊಗಳಿದಳು. ಸಾಯಂಕಾಲ ಅಮ್ಮಾಜಮ್ಮ ನಮ್ಮ ಗೋಡೆ ಮೇಲೆ ಬಂದು ಕೂತರು. ಸೊಂಟದ ಬೀಗದ ಕೈ ಮುಟ್ಟಿ ನೋಡಿಕೊಂಡು, "ತನುಜಾ, ಆಂಜಿ ಹೋಗೋವಾಗ ನನ್ನ ಕೇಳಿದ್ಲಾ?" ಅಂದರು.

"ಕೇಳಿದ್ರಮ್ಮ" ಅಂದೆ. "ಅಮ್ಮಾಜಕ್ಕನ ಹುಳು ಹೆಂಗೈತೆ ಅಂತ ಕೇಳಿದ್ರು."

ಅವರಿಗೆ ಸಮಾಧಾನವಾಯಿತು. ಕಣ್ಣೊರೆಸಿಕೊಂಡು ಎದ್ದು ಹೋದರು. ಮೂರು ನಾಲ್ಕು ದಿನ ಬಿಟ್ಟು ಬಂದು ಮತ್ತೆ ಅದನ್ನೇ ಕೇಳಿದರು. ಮೊದಲ ಸಲ ಕೇಳುವವರ ಹಾಗೆಯೇ ಹೆದರಿಕೊಂಡು ಕೇಳಿದರು. ನಾನೂ ಮೊದಲ ಸಲದ ಹಾಗೆಯೇ ಹೇಳಿದೆ.

ಮುಂದಿನ ಬೆಳೆಯಲ್ಲಿ ಅವರ ಕಟ್ಟುಪಾಡು ಮುರಿಯಿತು. ಬೆಳಿಗ್ಗೆ ತುಟಿ ಆಡಿಸಿಕೊಂಡು ಬರುವರು, ಗೋಡೆ ಹತ್ತಿರ ಕಾಲು ತಾನಾಗಿ ನಿಲ್ಲುವುದು. ಗೋಡೆ ನೋಡುವರು, ನಮ್ಮ ಬಾಗಿಲ ಕಡೆ ತಿರುಗಿ, "ಆಂಜಿ ಹೋಗೋವಾಗ..." ಎಂದು ಶುರು ಮಾಡುವರು. ಉತ್ತರ ಕೇಳಿಸಿಕೊಂಡು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ, ತಾವು ಹೊತ್ತು ತಂದದ್ದು ಬಿದ್ದುಹೋಗಿರುತ್ತಿತ್ತು. ಎಮ್ಮೆಯೂ ಇಲ್ಲ, ಸಾಲೂ ಇಲ್ಲ. ಕುಡುಗೋಲನ್ನೇ ನೋಡುತ್ತಾ ನಿಂತು, ವಾಪಸು ಮನೆಗೆ ಹೋಗಿ ಭಾನುಪ್ರಿಯಾಳನ್ನು ಕೇಳಿಕೊಂಡು ಬರುವರು. ಮತ್ತೆ ಗೋಡೆ, ಮತ್ತೆ ಅದೇ ಪ್ರಶ್ನೆ. ಒಂದೊಂದು ದಿನ ಹುಳು ಸೊಪ್ಪಿಲ್ಲದೆ ತಲೆ ಎತ್ತಿಕೊಂಡು ಕಾದವು. ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತು ನೋಡಿದೆ. ಅವರು ಬಾಗಿಲು ಬಡಿದು ಕೇಳಿದರು.

ಬೀಗದ ಕೈಯನ್ನು ಯಾರೂ ಕೇಳಲಿಲ್ಲ. ಒಂದು ದಿನ ಅವರೇ ಬಿಚ್ಚಿ ಸೊಸೆಯ ಕೈಗಿಟ್ಟರಂತೆ. ಭಾನುಪ್ರಿಯಾ ನಮ್ಮ ಮನೆಗೆ ಬಂದು ಹೇಳಿ, ಅಡುಗೆಮನೆಯಲ್ಲಿ ನಿಂತು ಅತ್ತಳು. ಅವಳು ಅಳುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ.

ಈಗ ಅಮ್ಮಾಜಮ್ಮನಿಗೆ ನೆನಪಿಡಬೇಕಾದ್ದು ಏನೂ ಇಲ್ಲ. ಬೆಳಿಗ್ಗೆ ಬರಿಗೈಯಲ್ಲಿ ಬಂದು ಗೋಡೆ ಮೇಲೆ ಕೂರುತ್ತಾರೆ. ದಾರಿಯಲ್ಲಿ ಯಾರು ಮಾತಾಡಿಸಿದರೂ ಮಾತಾಡುತ್ತಾರೆ, ಮಾತಾಡಿಸುವವರು ಕಮ್ಮಿ. ಮೊನ್ನೆ ನಾನು ಅಂಗನವಾಡಿಗೆ ರಜೆ ಇದ್ದದ್ದಕ್ಕೆ ಅವರ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮಾಮೂಲಿ ಪ್ರಶ್ನೆ ಕೇಳಿದರು, ಮಾಮೂಲಿ ಉತ್ತರ ಕೊಟ್ಟೆ. ಆ ದಿನ ಅವರಿಗೆ ಅಷ್ಟಕ್ಕೆ ಸಾಲಲಿಲ್ಲ.

"ಅವ್ಳಿಗೆ ನೋವು ಬಂದಾಗ ನಾನೆಲ್ಲಿದ್ದೆ?" ಅಂದರು.

"ಸೊಪ್ಪಿಗೆ ಹೋಗಿದ್ರಿ."

"ಈ ದಾರೀಲೇ ಹೋಗಿರ್ತೀನಲ್ಲ."

ನಾನು ಅವರೆಕಾಯಿಂದ ಕಣ್ಣೆತ್ತಲಿಲ್ಲ. ಅವರು ತೋಟದ ಕಡೆ ನೋಡಿದರು. ಆಮೇಲೆ ನಮ್ಮ ಅತ್ತೆಯ ಮೇಲೆ ಹುಸಿಮುನಿಸು ತೋರಿಸುವವರ ಹಾಗೆ ಅಂದರು, "ನೋಡು, ಎಂಥಾ ಬಿಗುಮಾನ ಅವ್ಳಿಗೆ. ಒಂದ್ಸಲ ಕರೆದಿದ್ರೆ ಎಲ್ಲಾ ಬಿಟ್ಟು ಓಡಿ ಬರ್ತಿರ್ಲಿಲ್ವಾ ನಾನು?"

"ಬರ್ತಿದ್ರಿ ಅಮ್ಮ" ಅಂದೆ.